ಅರವತ್ತು ಅಂಗುಲದ ಪರದೆ

"ಎಂಟು ಗಜ ಹರಿದು ಕೊಡಿ. ಪರದೆಗೆ."

ಹೆಲ್ವಿ ಕತ್ತರಿಯನ್ನು ಮೇಜಿನ ಮೇಲಿಟ್ಟು ತಲೆಯೆತ್ತಿದಳು. ಎದುರಿಗೆ ಜಿಲ್ಲಾ ರಸ್ತೆ ಇಲಾಖೆಯ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಗಂಡಸು. ಅವನ ಕೈಯಲ್ಲಿ ಅಳತೆಯ ಚೀಟಿ ಇರಲಿಲ್ಲ, ಜೊತೆಗೆ ಹೆಂಗಸೂ ಇರಲಿಲ್ಲ. ಬಟ್ಟೆ ಅಂಗಡಿಗೆ ಹೀಗೆ ಬರುವ ಗಂಡಸರನ್ನು ಕಂಡರೆ ಅವಳಿಗೆ ಮೊದಲು ನಗು ಬರುತ್ತಿತ್ತು, ಆಮೇಲೆ ಕನಿಕರ.

"ಎಷ್ಟು ಕಿಟಕಿ?"

"ಮೂರು."

"ಎಂಟು ಗಜದಲ್ಲಿ ಮೂರು ಕಿಟಕಿಗೆ ಪರದೆ ಆಗಲ್ಲ ರೀ. ಪಾತ್ರೆ ಒರೆಸೋ ಬಟ್ಟೆ ಬೇಕಾದ್ರೆ ಆಗುತ್ತೆ."

ಅವನು ಸಿಟ್ಟಾಗಲಿಲ್ಲ. "ನಾನೇ ಅಳೆದಿದ್ದೀನಿ. ಪರದೆಯ ಕಂಬಿಯಿಂದ ನೆಲದವರೆಗೆ ತೊಂಬತ್ತು ಅಂಗುಲ. ಮೂರು ಕಿಟಕಿಗೆ ಏಳೂವರೆ ಗಜ ಆಯ್ತು. ಅರ್ಧ ಗಜ ಹೆಚ್ಚಿಗೇ ಕೇಳ್ತಿದ್ದೀನಿ."

"ನೆರಿಗೆ ಯಾರು ಕೊಡ್ತಾರೆ?"

"ನೆರಿಗೆನಾ?"

"ಬಟ್ಟೇನ ಚಪ್ಪಟೆಯಾಗಿ ನೇತು ಹಾಕಿದ್ರೆ ಅದು ಪರದೆ ಅನ್ನಿಸಿಕೊಳ್ಳಲ್ಲ. ಒಣಗೋಕೆ ಹಾಕಿದ ದುಪ್ಪಟಿ ಥರ ಕಾಣುತ್ತೆ!"

ಒಳಗಿನ ಕೋಣೆಯಲ್ಲಿ ಅಂಗಡಿಯ ಒಡತಿ ಲೆಂಪಿ ಕಿಸಕ್ಕೆಂದು ನಕ್ಕದ್ದು ಕೇಳಿಸಿತು. ಲೆಂಪಿ ಹೆಲ್ವಿಯ ತಾಯಿಯ ತಂಗಿ. ಅವನೂ ನಕ್ಕ. ಆ ನಗು ತುಟಿಯಲ್ಲಿ ಅಷ್ಟಾಗಿ ಕಾಣಲಿಲ್ಲ, ಕಣ್ಣಲ್ಲಿ ಕಂಡಿತು.

ಹೆಲ್ವಿಗೆ ಯಾಕೋ ಕೆನ್ನೆ ಬಿಸಿಯಾಯಿತು. ಮೂವತ್ತಾರು ವರ್ಷವಾಯ್ತು ನಿನಗೆ... ಎಂದು ತನ್ನನ್ನೇ ಗದರಿಕೊಂಡು ಸೀಮೆಸುಣ್ಣ ಕೈಗೆತ್ತಿಕೊಂಡಳು.

"ಇಲ್ನೋಡಿ. ನಿಮ್ಮ ಕಂಬಿ ಎಷ್ಟು ಅಗಲವೋ ಬಟ್ಟೆಯ ಪನ್ನವೂ ಹೆಚ್ಚುಕಡಿಮೆ ಅಷ್ಟೇ. ನೆರಿಗೆಗೆ ಅದರ ಎರಡರಷ್ಟು ಬೇಕು. ಅಂದ್ರೆ ಕಿಟಕಿಗೆ ಎರಡು ಪಟ್ಟಿ, ಮೂರು ಕಿಟಕಿಗೆ ಆರು. ಉದ್ದ ತೊಂಬತ್ತು, ಮೇಲಿನ ಮಡಿಕೆ ಮತ್ತೆ ಕೆಳಗಿನ ಅಂಚಿಗೆ ಹನ್ನೆರಡು. ನೂರ ಎರಡು ಆಯ್ತಾ? ಈಗ ಬಟ್ಟೆ ಆರಿಸಿ, ಮುಂದಿನ ಲೆಕ್ಕ ಆಮೇಲೆ."

ಅವನು ಮಾದರಿ ತುಂಡುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಕೊನೆಗೆ ಒಂದರ ಮೇಲೆ ಕೈ ನಿಂತಿತು. ಕಂದು ಕೊಂಬೆಗಳ ನಡುವೆ ರೋವನ್ ಮರದ ಕೆಂಪು ಹಣ್ಣಿನ ಗೊಂಚಲುಗಳು. ಹೆಲ್ವಿಗೂ ಇಡೀ ಮಾದರಿ ಪುಸ್ತಕದಲ್ಲಿ ಇಷ್ಟವಾಗಿದ್ದುದು ಅದೊಂದೇ.

"ಇದಕ್ಕೆ ಖರ್ಚು ಜಾಸ್ತಿ," ಎಂದಳು. "ಗೊಂಚಲು ಎರಡಡಿಗೊಂದು ಸಲ ಬರುತ್ತೆ. ಪಕ್ಕದ ಪಟ್ಟಿ ಜೊತೆ ಸಾಲಿಗೆ ಸಾಲು ಕೂಡಬೇಕಾದ್ರೆ ಪ್ರತಿ ಪಟ್ಟಿಗೂ ಹತ್ತು ಅಡಿ ಲೆಕ್ಕ ಇಡಬೇಕು. ಆರು ಪಟ್ಟಿಗೆ ಅರವತ್ತು ಅಡಿ. ಇಪ್ಪತ್ತು ಗಜ."

"ಎಂಟು ಎಲ್ಲಿ, ಇಪ್ಪತ್ತು ಎಲ್ಲಿ!"

"ಕಡಿಮೆ ಕೊಂಡು ಆಮೇಲೆ ಅಳೋದಕ್ಕಿಂತ ಈಗಲೇ ಬೆಚ್ಚಿಬೀಳೋದು ವಾಸಿ."

"ಸರಿ. ಇಪ್ಪತ್ತು ಗಜ ತರಿಸಿ," ಎಂದ ಅವನು. "ನನ್ನ ಹೆಸರು ಆರ್ವೋ ನೀಮಿ. ಗುಡ್ಡದ ಮೇಲಿನ ಹಳೇ ಹಳದಿ ಮನೆ."

ಬಾಗಿಲ ಗಂಟೆ ಸದ್ದು ಮಾಡಿ ಸುಮ್ಮನಾಯಿತು. ಹೆಲ್ವಿ ಸೀಮೆಸುಣ್ಣದ ಲೆಕ್ಕವನ್ನು ಒರೆಸಲು ಕೈ ಚಾಚಿದವಳು ಒರೆಸಲಿಲ್ಲ.

*

ಚಿಕಾಗೋದಿಂದ ಬಟ್ಟೆ ಬರಲು ವಾರಗಟ್ಟಲೆ ಹಿಡಿಯಿತು. ಅಲ್ಲಿಯವರೆಗೆ ಆರ್ವೋಗೆ ಅಂಗಡಿಗೆ ಬರಲು ಕಾರಣಗಳು ಸಿಗುತ್ತಲೇ ಇದ್ದವು. ಒಂದು ದಿನ ಗುಂಡಿ ಕೇಳುತ್ತಿದ್ದ, ಇನ್ನೊಂದು ದಿನ ಸೂಜಿ. ಒಮ್ಮೆ, "ಬಟ್ಟೆ ಬಂತಾ ಅಂತ ಕೇಳೋಣ ಅಂತ ಬಂದೆ," ಎಂದ. ಹಿಂದಿನ ದಿನವೂ ಅದನ್ನೇ ಕೇಳಿದ್ದ.

"ಹಿಮ ಬೀಳೋಕೆ ಮುಂಚೇನೇ ಹಿಮ ಬಳಿಯೋ ಗಾಡಿ ಓಡಿಸೋನು ದಿನಾ ನಮ್ಮಂಗಡಿ ಮುಂದೆ ನಿಲ್ತಾನಲ್ಲೇ!" ಎಂದಳು ಲೆಂಪಿ.

"ಗಿರಾಕಿ ಕಣೇ ಚಿಕ್ಕಮ್ಮ."

"ನಲವತ್ತು ವರ್ಷದಿಂದ ಗಿರಾಕಿಗಳನ್ನ ನೋಡಿದ್ದೀನಿ. ಗುಂಡಿ ಕೊಂಡು ಯಾರೂ ಹಾಗೆ ಶಿಳ್ಳೆ ಹೊಡ್ಕೊಂಡು ಹೋಗಲ್ಲ."

ಒಂದು ಮಧ್ಯಾಹ್ನ ಗಿರಾಕಿಗಳು ಇರಲಿಲ್ಲ. ಕಾಫಿ ಪಾತ್ರೆ ಬಿಸಿಯಾಗಿತ್ತು. ಲೆಂಪಿ ತಂದಿಟ್ಟ ಏಲಕ್ಕಿ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದಿಕೊಳ್ಳುತ್ತ ಆರ್ವೋ ಕೇಳಿದ.

"ಊರಿಗೆಲ್ಲ ಪರದೆ ಹೊಲಿಯೋರು ನೀವು. ಆದ್ರೆ ಬೇಸಿಗೆ ಪೂರ್ತಿ ನಿಮ್ಮ ಮನೆ ಕಿಟಕೀಲಿ ಚಳಿಗಾಲದ್ದೇ ನೇತಾಡ್ತಿತ್ತಲ್ಲ? ದಿನಾ ಆ ದಾರೀಲಿ ಓಡಾಡ್ತೀನಿ, ಅದಕ್ಕೆ ಕೇಳ್ದೆ."

ನಮ್ಮ ಹ್ಯಾನ್‌ಕಾಕ್ ಊರಿನ ಫಿನ್ನಿಷ್ ಮನೆಗಳಲ್ಲಿ ಹಿಮ ಕರಗುತ್ತಿದ್ದಂತೆ ದಪ್ಪ ಪರದೆ ಇಳಿಸಿ ತೆಳುವಾದದ್ದು ಏರಿಸುತ್ತಾರೆ, ಶರತ್ಕಾಲದಲ್ಲಿ ಮತ್ತೆ ದಪ್ಪದ್ದು. ಅದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಬದಲಿಸದ ಮನೆಯ ಬಗ್ಗೆ ಮಾತ್ರ ಊರೆಲ್ಲ ಮಾತಾಡುತ್ತದೆ.

ಹೆಲ್ವಿ ಲೋಟವನ್ನೇ ನೋಡುತ್ತ ಕೂತಳು. ಊರಿನವರಿಗೆ ಅವಳು, "ಪುರುಸೊತ್ತಾಗಲಿಲ್ಲ," ಎಂದಷ್ಟೇ ಹೇಳಿದ್ದಳು. ಇವನಿಗೂ ಅದನ್ನೇ ಹೇಳಬಹುದಿತ್ತು...

"ಎರಡು ವರ್ಷದ ಹಿಂದೆ ಮಂಜುಗಡ್ಡೆ ಮೇಲೆ ಜಾರಿ ಬಿದ್ದೆ. ಬಲ ಭುಜ. ಆವತ್ತಿಂದ ಈ ಕೈ ಮೇಲೆ ಹೋಗಲ್ಲ. ಮೇಜಿನ ಮೇಲಿನ ಕೆಲಸಕ್ಕೇನೂ ತೊಂದರೆ ಇಲ್ಲ. ಕಂಬಿಯಿಂದ ಪರದೆ ಇಳಿಸೋಕೆ ಮಾತ್ರ ಆಗಲ್ಲ."

"ಯಾರನ್ನಾದ್ರೂ ಕರೀಬಹುದಿತ್ತು."

"ಪರದೆ ಬದಲಿಸೋಕೆ ಪಕ್ಕದ ಮನೆಯವರನ್ನ ಕರೀಬೇಕಾ? ಪರದೆ ಹೊಲಿಯೋಳು? ನಾಳೆಯಿಂದ ಊರೆಲ್ಲ ಅಯ್ಯೋ ಪಾಪ ಅನ್ನುತ್ತೆ. ಇದು ಚಿಕ್ಕಮ್ಮನಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ನಿಮ್ಮಲ್ಲೇ ಇರಲಿ."

"ಇರುತ್ತೆ," ಎಂದ ಆರ್ವೋ. ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ಅದಕ್ಕೇ ಅವಳಿಗೆ ಅವನು ಇನ್ನಷ್ಟು ಇಷ್ಟವಾದ.

ಮುಂದಿನ ವಾರ ದಾರದ ರೀಲು ಬೇಕೆಂದು ಬಂದ. ಗೋಡೆಯ ಕಪಾಟಿನಲ್ಲಿ ರೀಲುಗಳು ನೆಲದಿಂದ ಮಾಡಿನವರೆಗೆ ಸಾಲಾಗಿದ್ದವು.

"ಆ ಕೆಂಪು ಕೊಡಿ. ಊಹೂಂ, ಅದರ ಮೇಲಿನದ್ದು. ಸ್ವಲ್ಪ ಗಾಢ ಆಯ್ತು... ಅದರ ಮೇಲಿನದ್ದು?"

"ಅಲ್ಲಿಗೆ ನನ್ನ ಕೈ ಎಟುಕಲ್ಲ. ನೀವೇ ತಗೊಳ್ಳಿ. ಏನು ರೀ ಇದು, ಮದುವೆ ಬಟ್ಟೆ ಆರಿಸ್ತಿದ್ದೀರಾ ಇಲ್ಲ ದಾರಾನಾ?"

ಅವನು ಕೊನೆಗೆ ಮೊದಲು ತೆಗೆದ ರೀಲನ್ನೇ ಕೊಂಡ. ಹೋಗುವ ಮುಂಚೆ ಗಜದ ಕೋಲನ್ನು ಕೇಳಿ ತೆಗೆದುಕೊಂಡು ಕಪಾಟನ್ನು ಅಳೆದ. "ಚೆನ್ನಾಗಿದೆ. ಮನೇಲಿ ಇಂಥದ್ದೊಂದು ಮಾಡಿಸಬೇಕು," ಎಂದ.

ಎಂಥ ವಿಚಿತ್ರ ಮನುಷ್ಯ! ಎಂದುಕೊಂಡಳು ಹೆಲ್ವಿ. ಆದರೆ ಆ ಸಂಜೆ ಮನೆಗೆ ನಡೆಯುವಾಗ ಗುಡ್ಡದ ಕಡೆ ಕಣ್ಣು ತಾನಾಗಿ ಹೋಯಿತು. ಹಳದಿ ಮನೆ. ಮೂರು ಕಿಟಕಿ. ಆ ಕಿಟಕಿಗಳಿಂದ ಕೆಳಗಿನ ಕಾಲುವೆ, ಸೇತುವೆ, ಊರು ಎಲ್ಲ ಕಾಣುತ್ತಿರಬೇಕು. ಅಲ್ಲಿ ನಿಂತು ನೋಡುವ ಹಾಗಿದ್ದರೆ...

ಆಸೆಯನ್ನು ಅವಳು ಬಹಳ ವರ್ಷಗಳ ಹಿಂದೆಯೇ ಮಡಿಸಿ ಒಳಗಿಟ್ಟಿದ್ದಳು. ಅದು ಇನ್ನೂ ಹೊಸದಾಗಿಯೇ ಇತ್ತು.

*

ಬಟ್ಟೆ ಬಂದದ್ದು ನವೆಂಬರಿನಲ್ಲಿ, ಹಬ್ಬದ ವ್ಯಾಪಾರ ಶುರುವಾದ ಹೊತ್ತಿಗೆ. ಅಂಗಡಿ ತುಂಬ ಹೆಂಗಸರು. ಕತ್ತರಿಸುವ ಮೇಜಿನ ಸುತ್ತ ಸಾಲು. ಸಾಲಿನ ಮುಂದೆ ಬಡಗಿ ವಿಲ್ಹೋನ ಹೆಂಡತಿ ಹಿಲ್ಮಾ. ಯಾವ ಸುದ್ದಿಯೂ ಅವಳಲ್ಲಿ ಒಂದು ದಿನಕ್ಕಿಂತ ಹೆಚ್ಚು ಉಳಿಯುತ್ತಿರಲಿಲ್ಲ.

ಆರ್ವೋ ಬಾಗಿಲಲ್ಲಿ ಹಿಮ ಕೊಡವಿಕೊಂಡು ನೇರ ಮೇಜಿನ ಬಳಿ ಬಂದ. ಎಂದಿಲ್ಲದ ಸಂಕೋಚ ಅವನ ಮುಖದಲ್ಲಿ.

"ಹೆಲ್ವಿ, ಅಳತೆ ಬದಲಾಗಿದೆ. ಉದ್ದ ತೊಂಬತ್ತು ಬೇಡ. ಅರವತ್ತು ಸಾಕು."

"ಅರವತ್ತಾ?"

"ಹೂಂ. ಅರವತ್ತು ಅಂಗುಲ."

ಹೆಲ್ವಿಗೆ ಲೆಕ್ಕ ತಟ್ಟನೆ ಹೊಳೆಯಿತು. ಆ ಹಳೇ ಮನೆಗಳ ಕಿಟಕಿ ಚೌಕಟ್ಟು ಸರಿಯಾಗಿ ಐದಡಿ. ಅರವತ್ತು ಅಂಗುಲ. ಹೊಸಬರು ಮಾಡುವ ತಪ್ಪೇ ಇದು, ಕಂಬಿಯಿಂದ ನೆಲಕ್ಕೆ ಅಳೆಯುವ ಬದಲು ಬರೀ ಕಿಟಕಿಯನ್ನು ಅಳೆಯುವುದು. ಇಂಥವರನ್ನು ಅವಳು ನೂರಾರು ಕಂಡಿದ್ದಳು.

"ಕಿಟಕೀನೇ ಅಳೆದುಬಿಟ್ರಾ!" ಅವಳು ಜೋರಾಗಿ ನಕ್ಕಳು. "ಮೊದಲ ದಿನ ಸರಿಯಾಗಿ ಅಳೆದವರಿಗೆ ಈಗ ಏನಾಯ್ತು? ಅರವತ್ತಕ್ಕೆ ಕತ್ತರಿಸಿದ್ರೆ ಹೇಗಿರುತ್ತೆ ಗೊತ್ತಾ? ಅಪ್ಪ ಮಗನ ಚಡ್ಡಿ ಹಾಕ್ಕೊಂಡು ಚರ್ಚಿಗೆ ಬಂದ ಹಾಗಿರುತ್ತೆ!"

ಹೆಂಗಸರೆಲ್ಲ ನಕ್ಕರು. ಹಿಲ್ಮಾ ಮೇಜು ತಟ್ಟಿ ನಕ್ಕಳು.

ಆರ್ವೋನ ಕಿವಿ ಕೆಂಪಾದವು. "ಅದು ತಪ್ಪಲ್ಲ. ನಾನು ಬೇಕೂಂತಲೇ..." ಎಂದು ಶುರು ಮಾಡಿ ಸುತ್ತ ನಿಂತವರ ಮುಖ ನೋಡಿದ. ಹೆಲ್ವಿಯ ಬಲ ಭುಜದ ಮೇಲೆ ಅವನ ಕಣ್ಣು ಒಂದು ಕ್ಷಣ ನಿಂತು ಸರಿಯಿತು. ಅವಳು ಅದನ್ನು ಗಮನಿಸಲಿಲ್ಲ. ಗಮನಿಸಬೇಕಿತ್ತು.

"ನಿಮಗೆ ಸರಿ ಅನ್ನಿಸಿದ ಹಾಗೆ ಮಾಡಿ," ಎಂದು ಹೇಳಿ ಹೊರಟುಹೋದ.

ಅವಳು ತನಗೆ ಸರಿ ಅನ್ನಿಸಿದ ಹಾಗೇ ಮಾಡಿದಳು. ತೊಂಬತ್ತಕ್ಕೆ ಹನ್ನೆರಡು ಸೇರಿಸಿ ಆರು ಪಟ್ಟಿ ಕತ್ತರಿಸಿದಳು. ಗೊಂಚಲಿಗೆ ಗೊಂಚಲು, ಎಲೆಗೆ ಎಲೆ ಕೂಡಿಸಿದಳು. ಅಂಚನ್ನು ಯಂತ್ರಕ್ಕೆ ಕೊಡದೆ ಕೈಯಲ್ಲೇ ಹೊಲಿದಳು. ಅಷ್ಟು ಒಳ್ಳೆಯ ಪರದೆಗಳನ್ನು ಅವಳು ಅದಕ್ಕೆ ಮುಂಚೆ ಯಾರಿಗೂ ಹೊಲಿದಿರಲಿಲ್ಲ. ನೋಡಿದಾಗ ಅರ್ಥವಾಗುತ್ತದೆ ಬಿಡು, ನಾನು ಹೇಳಿದ್ದೇ ಸರಿ ಅಂತ... ಎಂದುಕೊಂಡಳು.

ಪರದೆಗಳನ್ನು ಒಯ್ಯಲು ಬಂದಾಗ ಆರ್ವೋ ಉದ್ದ ಕೇಳಲಿಲ್ಲ. ಹೊಲಿಗೆಯ ಮೇಲೆ ಬೆರಳಾಡಿಸಿ, "ಬಹಳ ಚೆನ್ನಾಗಿದೆ," ಎಂದಷ್ಟೇ ಹೇಳಿದ.

*

ಮೂರು ದಿನ ಕಳೆದಿರಲಿಲ್ಲ, ಹಿಲ್ಮಾ ಸುದ್ದಿ ತಂದಳು.

"ಕೇಳಿದ್ಯೇನೇ ಲೆಂಪಿ? ನೀಮಿ ಮನೇಲಿ ನಮ್ಮನೆಯವರೇ ಕಂಬಿ ಹಾಕಿದ್ದು. ಎಷ್ಟು ಕೆಳಗೆ ಅಂತೀಯ! ಕಿಟಕಿ ಮೇಲ್ಭಾಗ ಪೂರ್ತಿ ಬೋಳು. ಇದೇನಪ್ಪ ಹೀಗೆ ಅಂತ ಇವರು ಕೇಳಿದ್ರೆ, ಮನೆಗೆ ಬರೋಳ ಕೈಗೆ ಎಟುಕಬೇಕು ಅಂದನಂತೆ!"

"ಯಾರಂತೆ ಬರೋಳು?" ಲೆಂಪಿಯ ಕೈ ನಿಂತಿತು.

"ಹೇಳಲಿಲ್ಲ. ಹೇಳಬೇಕಾ? ಪ್ರತಿ ಭಾನುವಾರ ಆ ಮನೆಗೆ ಹೋಗೋದು ಯಾರು? ಡೋರೀನ್ ಟೀಚರ್. ನನ್ನ ಭುಜದ ತನಕ ಬರಲ್ಲ ಆಯಮ್ಮ. ಕುಳ್ಳಿಗೆ ತಕ್ಕ ಕಂಬಿ!"

ಹೆಲ್ವಿ ಚರ್ಚಿನ ಹೆಂಗಸರಲ್ಲೆಲ್ಲ ಎತ್ತರದವಳು. ಹಾಡುವ ಸಾಲಿನಲ್ಲಿ ಅವಳನ್ನು ಯಾವಾಗಲೂ ಹಿಂದೆ ನಿಲ್ಲಿಸುತ್ತಿದ್ದರು. ಕೆಳಗಿನ ಕಂಬಿ ತನಗಾಗಿರಬಹುದು ಎಂಬ ಯೋಚನೆ ಅವಳ ಹತ್ತಿರವೂ ಸುಳಿಯಲಿಲ್ಲ.

ಅರವತ್ತು ಅಂಗುಲ... ಹಾಗಾದರೆ ಅದು ಕೈತಪ್ಪಲ್ಲ. ಆ ಪುಟ್ಟ ಹೆಂಗಸಿಗಾಗಿ ಅಳೆದದ್ದು. ಅವಳ ಮನೆಯ ಪರದೆಗೆ ನಾನು ಕೈಹೊಲಿಗೆ ಹಾಕುತ್ತ ಕೂತಿದ್ದೆ!

ಹೆಲ್ವಿ ಅವಮಾನ ನುಂಗಿಕೊಂಡು ಬಟ್ಟೆಯ ಥಾನು ಸುತ್ತಿಟ್ಟಳು.

ಆ ಶುಕ್ರವಾರ ಆರ್ವೋ ಬಂದ. ಟೋಪಿ ಕೈಯಲ್ಲಿತ್ತು.

"ಭಾನುವಾರ ನಮ್ಮನೆಗೆ ಕಾಫಿಗೆ ಬರ್ತೀರಾ? ಅಮ್ಮ ನಿಮ್ಮನ್ನ ನೋಡ್ಬೇಕು ಅಂತಿದ್ದಾರೆ. ಪರದೆಗಳನ್ನೂ ನೋಡಿದ ಹಾಗಾಗುತ್ತೆ. ನಿಮಗೆ ಒಂದು ವಿಷಯ ಹೇಳೋದಿದೆ."

ಏನು ಹೇಳುತ್ತಾನೋ ತನಗೆ ಗೊತ್ತು ಎಂದುಕೊಂಡಳು ಅವಳು. ಮದುವೆಯ ಸುದ್ದಿ. ಅದನ್ನು ಆ ಕಿಟಕಿಗಳ ಮುಂದೆ ಕೂತು, ಏಲಕ್ಕಿ ಬ್ರೆಡ್ ತಿನ್ನುತ್ತ ಕೇಳಬೇಕೆ?

"ಭಾನುವಾರ ನನಗೆ ಕೆಲಸ ಇದೆ."

ಆರ್ವೋ ಕೈಯಲ್ಲಿದ್ದ ಟೋಪಿಯನ್ನು ಒಂದು ಸುತ್ತು ತಿರುಗಿಸಿದ.

"ಎಲ್ಲ ಭಾನುವಾರವೂ ಇದೆ. ಇನ್ನು ಮೇಲೆ ಏನಾದ್ರೂ ಬೇಕಿದ್ರೆ ಚಿಕ್ಕಮ್ಮನ್ನ ಕೇಳಿ, ನೀಮಿಯವರೇ. ನನಗೆ ಪುರುಸೊತ್ತಿರಲ್ಲ."

ನೀಮಿಯವರೇ... ಅಷ್ಟು ದಿನ ಆರ್ವೋ ಆಗಿದ್ದವನು ಆ ಒಂದು ಮಾತಿಗೆ ಮೇಜಿನ ಆ ಕಡೆಯವನಾದ. ಟೋಪಿ ತಲೆಗಿಟ್ಟುಕೊಂಡು ಬಾಗಿಲು ಮೆತ್ತಗೆ ಎಳೆದುಕೊಂಡು ಹೋದ. ಕಾರಣ ಕೇಳಲಿಲ್ಲ. ನಮ್ಮ ಗಂಡಸರು ಎರಡು ಸಲ ಕೇಳುವವರಲ್ಲ. ಹೆಂಗಸರೂ ಕೇಳದೆ ಹೇಳುವವರಲ್ಲ. ಎಷ್ಟೋ ಮನೆಗಳು ಈ ಊರಿನಲ್ಲಿ ಹೀಗೆಯೇ ಕಟ್ಟದೆ ಉಳಿದಿವೆ.

*

ಆ ಚಳಿಗಾಲ ಹಿಮ ಕಿಟಕಿಯ ಮಟ್ಟಕ್ಕೆ ಬಿತ್ತು. ಫೆಬ್ರವರಿಯಲ್ಲಿ ಆರ್ವೋನ ತಾಯಿ ಸೈಮಾ ತೀರಿಕೊಂಡರು.

ಹೆಲ್ವಿ ಚರ್ಚಿನಲ್ಲಿ ನಡೆದ ಪ್ರಾರ್ಥನೆಗೆ ಹೋಗಿ ಹಿಂದಿನ ಸಾಲಿನಲ್ಲಿ ನಿಂತಳು. ಮುಂದಿನ ಸಾಲಿನಲ್ಲಿ ಆರ್ವೋ, ಅವನ ಪಕ್ಕದಲ್ಲಿ ಡೋರೀನ್ ಟೀಚರ್, ಕಣ್ಣೊರೆಸಿಕೊಳ್ಳುತ್ತ. ಅಷ್ಟು ಸಾಕಾಯಿತು. ಕೊನೆಯ ಹಾಡು ಮುಗಿಯುವ ಮುಂಚೆಯೇ ಅವಳು ಹೊರಗೆ ಬಂದಳು. ಪ್ರಾರ್ಥನೆಯ ನಂತರ ನೆಲಮಾಳಿಗೆಯಲ್ಲಿ ಎಲ್ಲರಿಗೂ ಕೊಡುವ ಕಾಫಿಗೆ ಇಳಿಯಲಿಲ್ಲ.

ಸಾವಿನ ಕಾಫಿ ಕುಡಿಯದೆ ಹೋಗುವುದೆಂದರೆ ನಮ್ಮಲ್ಲಿ ಆ ಮನೆಗೂ ನನಗೂ ಸಂಬಂಧವಿಲ್ಲ ಎಂದು ಎಲ್ಲರೆದುರು ಹೇಳಿದ ಹಾಗೆ. ಅದು ಅವಳಿಗೂ ಗೊತ್ತಿತ್ತು. ಮುಚ್ಚುತ್ತಿದ್ದ ಬಾಗಿಲನ್ನು ಆರ್ವೋ ತಿರುಗಿ ನೋಡಿದ.

"ನೀನು ತಪ್ಪು ಮಾಡ್ದೆ ಹೆಲ್ವಿ," ಎಂದಳು ಲೆಂಪಿ ಮನೆಗೆ ಬಂದ ಮೇಲೆ. "ಅವನ ಮೇಲೆ ಏನೇ ಸಿಟ್ಟಿರಲಿ, ಸತ್ತವರ ಮೇಲೇನು?"

"ನನಗೆ ಅಲ್ಲಿ ಕೂರೋಕೆ ಆಗಲಿಲ್ಲ ಚಿಕ್ಕಮ್ಮ."

"ಒಂದು ಮಾತು ಕೇಳ್ತೀನಿ. ಈ ಚಳಿಗಾಲ ಅಂಗಡಿ ಮುಂದಿನ ಹಿಮ ನೀನು ಎಷ್ಟು ಸಲ ತೋಡಿದೆ?"

ಹೆಲ್ವಿ ಯೋಚಿಸಿದಳು. ಹಿಮದ ಗಾಡಿ ರಸ್ತೆ ಬಳಿದುಕೊಂಡು ಹೋದಾಗ ಪ್ರತಿ ಬಾಗಿಲಿಗೂ ಒಂದು ದಿಬ್ಬ ಬಿಟ್ಟು ಹೋಗುತ್ತದೆ. ಪಕ್ಕದ ಬೇಕರಿಯವನು ದಿನಾ ಬೆಳಗ್ಗೆ ಸಲಿಕೆ ಹಿಡಿದು ಬೈಯುತ್ತಿದ್ದ. ಇವರ ಬಾಗಿಲಿಗೆ...

"ತೋಡಲೇ ಇಲ್ಲ."

"ಅದು ಗಾಳಿಯ ದಯೆ ಅಂದ್ಕೊಂಡ್ಯಾ? ನಮ್ಮ ಬಾಗಿಲು ಬಂದಾಗ ಆರ್ವೋ ಗಾಡಿಯ ಹಿಮ ತಳ್ಳೋ ರೆಕ್ಕೆ ಎತ್ತಿಕೊಂಡು ಹೋಗ್ತಾನೆ. ನಾನು ನೋಡಿದ್ದೀನಿ."

ಹಳೆಯ ಗಿರಾಕಿ ಎಂಬ ದಾಕ್ಷಿಣ್ಯವಿರಬೇಕು ಎಂದು ಹೆಲ್ವಿ ತನಗೆ ತಾನೇ ಹೇಳಿಕೊಂಡಳು. ಆ ಮಾತನ್ನು ಮನಸ್ಸು ನಂಬಲಿಲ್ಲ.

*

ಮೇ ತಿಂಗಳ ಮೊದಲ ವಾರ ಅಂಗಡಿಗೆ ಫೋನ್ ಬಂತು. ಲೆಂಪಿ ಮಾತಾಡಿ ಇಟ್ಟಳು.

"ನೀಮಿ ಮನೆ ಮಾರ್ತಾನಂತೆ. ದೂರದ ಬೇರೆ ಊರಿನ ಇಲಾಖೆಗೆ ವರ್ಗ ಕೇಳಿದ್ದಾನೆ. ಕೊಳ್ಳೋರಿಗೆ ಆ ಪರದೆ ಬೇಡವಂತೆ. ಒಳ್ಳೇ ಬಟ್ಟೆ, ನಿಮ್ಮಲ್ಲೇ ಯಾರಿಗಾದ್ರೂ ಉಪಯೋಗಕ್ಕೆ ಬರಲಿ ಅಂದ."

"ಮದುವೆ?"

"ಯಾವ ಮದುವೆ? ಡೋರೀನ್ ಟೀಚರ್ ಹೋದ ತಿಂಗಳೇ ಮಿಲ್ವಾಕಿಗೆ ಹೋದ್ರಲ್ಲ, ಅಕ್ಕನ ಮನೆಗೆ. ಹೋಗು, ನೀನು ಹೊಲಿದದ್ದು, ನೀನೇ ತಗೊಂಡು ಬಾ. ನನ್ನ ಮಂಡಿಗೆ ಗುಡ್ಡ ಹತ್ತೋಕಾಗಲ್ಲ."

ಲೆಂಪಿಯ ಮಂಡಿ ಹಿಂದಿನ ಶನಿವಾರವಷ್ಟೇ ಹಬೆ ಸ್ನಾನದ ಸೌನಾದ ಮೆಟ್ಟಿಲನ್ನು ಹುಡುಗಿಯ ಹಾಗೆ ಹತ್ತಿತ್ತು.

ಗುಡ್ಡದ ದಾರಿಯ ನೆರಳಲ್ಲಿ ಇನ್ನೂ ಕೊಳಕು ಹಿಮವಿತ್ತು. ಆರ್ವೋ ಬಾಗಿಲು ತೆರೆದ. ಸೊರಗಿಹೋಗಿದ್ದ.

"ಬನ್ನಿ. ಪರದೆಗಳನ್ನ ಇಳಿಸೋಕೆ ಮನಸ್ಸಾಗಲಿಲ್ಲ, ಹಾಗೇ ಇವೆ. ಕೊಟ್ಟಿಗೆಯಿಂದ ಪೆಟ್ಟಿಗೆ ತರ್ತೀನಿ, ಒಂದು ನಿಮಿಷ."

ಹೆಲ್ವಿ ಒಬ್ಬಳೇ ಒಳಗೆ ಹೋದಳು.

ಮೂರು ಕಿಟಕಿ. ಅವಳು ಇಡೀ ಶರತ್ಕಾಲ ಕಲ್ಪಿಸಿಕೊಂಡಿದ್ದ ಹಾಗೆಯೇ ಕೆಳಗೆ ಕಾಲುವೆ, ಸೇತುವೆ, ಊರು. ಕಂಬಿಗಳು ನಿಜಕ್ಕೂ ಕೆಳಗಿದ್ದವು. ಅವುಗಳ ಮೇಲಿನ ಬರಿಯ ಗಾಜಿನಲ್ಲಿ ಆಕಾಶವಿತ್ತು. ವಿಚಿತ್ರವಾಗೇನೂ ಕಾಣಲಿಲ್ಲ. ಚೆನ್ನಾಗಿಯೇ ಇತ್ತು.

ಅವಳ ಪರದೆ ನೆಲದ ಮೇಲೆ ರಾಶಿ ಬಿದ್ದಿರಬೇಕಿತ್ತು. ಬಿದ್ದಿರಲಿಲ್ಲ. ಬಾಗಿ ನೋಡಿದಳು. ಹೆಚ್ಚಾದ ಮೂವತ್ತು ಅಂಗುಲವನ್ನು ಒಳಗೆ ಮಡಿಸಿ ಯಾರೋ ಹೊಲಿದಿದ್ದರು. ಸೊಟ್ಟಪಟ್ಟ ಹೊಲಿಗೆ, ಮೀನಿನ ಗಾಳದ ದಾರದಲ್ಲಿ. ಗಂಡಸಿನ ಕೈ. ಒಂದೆಡೆಯೂ ಕತ್ತರಿ ಮುಟ್ಟಿಸಿರಲಿಲ್ಲ. ಅವಳ ಕೈಹೊಲಿಗೆಯ ಅಂಚು ಮಡಿಕೆಯೊಳಗೆ ಹಾಗೆಯೇ ಇತ್ತು.

ಕತ್ತರಿಸಬಹುದಿತ್ತಲ್ಲ! ಯಾಕೆ ಕತ್ತರಿಸಲಿಲ್ಲ?

ಎದ್ದು ನಿಂತು, ಪರದೆಯನ್ನು ಎಡಗೈಯಲ್ಲಿ ಹಿಡಿದು, ಯೋಚಿಸದೆ ಬಲಗೈಯನ್ನು ಮೊದಲ ರಿಂಗಿನ ಕಡೆ ಎತ್ತಿದಳು. ಎರಡೂವರೆ ವರ್ಷದಿಂದ ಆ ಕೈ ಎತ್ತುವಾಗೆಲ್ಲ ಒಂದು ಜಾಗದಲ್ಲಿ ಹಲ್ಲು ಕಚ್ಚಬೇಕಾಗುತ್ತಿತ್ತು. ಅವಳು ಹಲ್ಲು ಕಚ್ಚಲು ಸಿದ್ಧಳಾದಳು.

ಬೆರಳು ರಿಂಗನ್ನು ಮುಟ್ಟಿತು.

ನೋವಾಗಲಿಲ್ಲ.

ಅವಳು ಉಸಿರು ಹಿಡಿದು ಕೈಯನ್ನು ಇನ್ನೊಂದು ಚೂರು ಮೇಲೆತ್ತಿದಳು. ಭುಜ ಚುರ್ರೆಂದಿತು. ಕೆಳಗಿಳಿಸಿದಳು. ಮತ್ತೆ ಕಂಬಿ. ನೋವಿಲ್ಲ. ಅವಳ ಕೈ ಎಲ್ಲಿಯವರೆಗೆ ಹೋಗುತ್ತದೋ ಸರಿಯಾಗಿ ಅಲ್ಲಿ ಕಂಬಿಯಿತ್ತು.

'ಅದರ ಮೇಲಿನದ್ದು... ಅದರ ಮೇಲಿನದ್ದು...'

ದಾರದ ರೀಲುಗಳು. ಗಜದ ಕೋಲು. ಕಪಾಟು ಚೆನ್ನಾಗಿದೆ ಎಂದ ಆ ಮಾತು!

ಅಷ್ಟು ಹೆಂಗಸರ ಮುಂದೆ ತಾನು ನಕ್ಕದ್ದು, ಅವನ ಕಿವಿ ಕೆಂಪಾದದ್ದು, ತನ್ನ ಭುಜದ ಮೇಲೆ ಬಿದ್ದು ಸರಿದ ಆ ನೋಟ, ಎಲ್ಲ ಒಟ್ಟಿಗೆ ಬಂದು ನಿಂತವು. ಅಳತೆ ಬದಲಾಯಿತೆಂದರೆ ಯಾಕೆಂದು ಕೇಳುವುದು ಅವಳ ಕಸುಬು. ಎಲ್ಲ ಗಿರಾಕಿಗಳನ್ನೂ ಕೇಳುತ್ತಿದ್ದಳು. ಇವನೊಬ್ಬನನ್ನು ಕೇಳಲಿಲ್ಲ.

ಹಿಂದೆ ಹೆಜ್ಜೆಯ ಸದ್ದಾಯಿತು. ಆರ್ವೋ ಖಾಲಿ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅವಳ ಕೈ ಇನ್ನೂ ಕಂಬಿಯ ಮೇಲಿತ್ತು.

"ಯಾಕೆ ಹೇಳಲಿಲ್ಲ?" ಅವಳ ದನಿ ಒಡೆಯಿತು. "ಆವತ್ತು ಅಂಗಡೀಲಿ... ಯಾಕೆ ಹೇಳಲಿಲ್ಲ ನೀನು?"

'ನೀನು' ಎಂದದ್ದು ಅವಳಿಗೇ ತಿಳಿಯಲಿಲ್ಲ. ಅವನಿಗೆ ತಿಳಿಯಿತು.

"ಹೇಗೆ ಹೇಳಲಿ? ಹಿಲ್ಮಾ ಎದುರಿಗೇ ನಿಂತಿದ್ಲು. ಅರವತ್ತು ಯಾಕೆ ಅಂತ ಹೇಳಬೇಕಾದ್ರೆ ನಿನ್ನ ಭುಜದ ವಿಷಯ ಹೇಳಬೇಕಿತ್ತು. ನನ್ನಲ್ಲೇ ಇರುತ್ತೆ ಅಂತ ಮಾತು ಕೊಟ್ಟಿದ್ದೆ."

"ನಾನು ಎಲ್ಲರ ಮುಂದೆ ನಕ್ಕೆ."

"ನಕ್ಕೆ."

"ಕೆಳಗಿನ ಕಂಬಿ ಅಂದಾಗ ನಾನು ಡೋರೀನ್‌ಗೆ ಅಂದ್ಕೊಂಡೆ. ಅವಳು ಪ್ರತಿ ಭಾನುವಾರ..."

"ಡೋರೀನಾ?" ಆರ್ವೋ ಪೆಟ್ಟಿಗೆ ಕೆಳಗಿಟ್ಟ. "ಅಮ್ಮನಿಗೆ ಕಣ್ಣು ಹೋಗಿತ್ತು ಹೆಲ್ವಿ. ಅವರು ಬಂದು ಪುಸ್ತಕ ಓದಿ ಹೇಳ್ತಿದ್ರು, ಅಷ್ಟೇ." ಪೆಟ್ಟಿಗೆಯನ್ನು ಕಾಲಿಂದ ಬದಿಗೆ ಸರಿಸಿ ಹೇಳಿದ. "ನೀನು ಕಾಫಿಗೆ ಬರಲ್ಲ ಅಂದಾಗ, ಇದೆಲ್ಲ ನಿನಗೆ ಅರ್ಥ ಆಗಿದೆ, ಬೇಡ ಅಂತ ಹೇಳೋ ಬಗೆ ಇದು ಅಂದ್ಕೊಂಡೆ. ಅಮ್ಮನ ಪ್ರಾರ್ಥನೆ ದಿನ ನೀನು ಹೊರಟುಹೋದಾಗ ಖಾತ್ರಿ ಆಯ್ತು."

ಹೆಲ್ವಿಗೆ ಮುಖ ಎತ್ತಲಾಗಲಿಲ್ಲ.

"ಅಮ್ಮ... ನನ್ನ ಬಗ್ಗೆ ಕೇಳ್ತಿದ್ರಾ?"

"ಪರದೆ ತಂದ ದಿನ ಮಡಿಲಲ್ಲಿ ಹಾಕ್ಕೊಂಡು ಅಂಚೆಲ್ಲ ಬೆರಳಲ್ಲಿ ಮುಟ್ಟಿ ನೋಡಿದ್ರು. ಈ ಹೊಲಿಗೆ ಹಾಕಿದೋಳು ಅವಸರದ ಹೆಂಗಸಲ್ಲ, ಕರ್ಕೊಂಡು ಬಾ ಅಂದ್ರು. ಉದ್ದ ಜಾಸ್ತಿ ಆಗಿದೆಯಮ್ಮ, ಕತ್ತರಿಸ್ತೀನಿ ಅಂದೆ. ಮುಟ್ಟಬೇಡ ಅಂದ್ರು. ಬಂದ ಮೇಲೆ ಅವಳೇ ಸರಿ ಮಾಡ್ಕೋತಾಳೆ, ಅಲ್ಲಿತನಕ ಮಡಿಸಿಡು ಅಂದ್ರು. ಹೊಲಿದದ್ದು ನಾನು. ದಾರ ಸೂಜಿಗೆ ಪೋಣಿಸೋಕೂ ಬರಲ್ಲ ನಿನಗೆ ಅಂತ ಬೈದ್ರು."

ಅವಳು ಅಳುತ್ತಲೇ ನಕ್ಕಳು. ನಗು ಬೇಗ ಮುಗಿಯಿತು, ಅಳು ಮುಗಿಯಲಿಲ್ಲ. ಕಾಫಿ ಇಟ್ಟುಕೊಂಡು ಎಷ್ಟು ಭಾನುವಾರ ಕಾದರೋ ಆ ಮುದುಕಿ! ಆ ಭಾನುವಾರಗಳಲ್ಲಿ ಹೆಲ್ವಿಗೆ ಯಾವ ಕೆಲಸವೂ ಇರಲಿಲ್ಲ. ಮನೆಯಲ್ಲಿ ಸುಮ್ಮನೆ ಕೂತು ಈ ಗುಡ್ಡದ ಕಡೆ ನೋಡದಿರಲು ಒದ್ದಾಡುತ್ತಿದ್ದಳು.

"ಮನೆ ಮಾರಿ ಆಯ್ತಾ?"

"ಇನ್ನೂ ಇಲ್ಲ. ಮುಂದಿನ ವಾರ ಮಾರಾಟದ ಪತ್ರಕ್ಕೆ ಸಹಿ ಹಾಕಬೇಕು."

ಅವಳು ಕಣ್ಣೊರೆಸಿಕೊಂಡು ಕಿಟಕಿಯ ಕಡೆ ತಿರುಗಿದಳು. ಮೊದಲ ರಿಂಗನ್ನು ಬಿಡಿಸಿದಳು. ಎರಡನೆಯದನ್ನು ಬಿಡಿಸಿದಳು. ಆರ್ವೋ ಸಹಾಯಕ್ಕೆ ಬರಲಿಲ್ಲ. ಬರಬಾರದು ಎಂದು ಅವನಿಗೆ ಗೊತ್ತಿತ್ತು. ಎರಡೂವರೆ ವರ್ಷದ ಮೇಲೆ ಅವಳು ತನ್ನ ಕೈಯಾರೆ ಚಳಿಗಾಲದ ಪರದೆ ಇಳಿಸಿದಳು. ಒಂದು ಕಿಟಕಿ, ಆಮೇಲೆ ಇನ್ನೊಂದು. ಮೂರನೆಯದನ್ನು ಇಳಿಸಿದಾಗ ಕೋಣೆ ತುಂಬ ಬೆಳಕಾಯಿತು.

ಮಡಿಸುವ ಮುಂಚೆ ಅವಳು ಗಾಳದ ದಾರದ ಹೊಲಿಗೆಯನ್ನು ಬೆರಳಿನಿಂದ ಸವರಿದಳು.

"ಇದನ್ನ ಬಿಚ್ಚಲ್ಲ ನಾನು. ಹೀಗೇ ಇರಲಿ."

"ಸೊಟ್ಟಗಿದೆ."

"ಇರಲಿ. ಅಕ್ಟೋಬರಿನಲ್ಲಿ ಇದನ್ನೇ ಮತ್ತೆ ಹಾಕಬೇಕು. ಈಗ ಬೇಸಿಗೇದು ಬೇಕು. ತೆಳು ಬಟ್ಟೆ. ಗೊಂಚಲು ಗಿಂಚಲು ಬೇಡ. ಎಷ್ಟು ಗಜ ಆಗುತ್ತೆ, ಲೆಕ್ಕ ಹಾಕು ನೋಡೋಣ."

ಆರ್ವೋ ಅವಳನ್ನೇ ನೋಡುತ್ತ ನಿಧಾನವಾಗಿ ಹೇಳಿದ. "ಅರವತ್ತು. ಮಡಿಕೆಗೆ ಹನ್ನೆರಡು... ಪಟ್ಟಿಗೆ ಆರಡಿ. ಆರು ಪಟ್ಟಿ. ಹನ್ನೆರಡು ಗಜ."

"ನೆರಿಗೆ ಮರೀಲಿಲ್ಲ."

"ದುಪ್ಪಟಿ ಅಂದಿದ್ದೆಯಲ್ಲ, ಅದನ್ನ ಹೇಗೆ ಮರೀಲಿ?" ಅವನ ಕಣ್ಣು ನಕ್ಕವು, ತುಂಬಿಕೊಂಡವು. "ಹೆಲ್ವಿ... ಒಂದು ಚಳಿಗಾಲ ಹೋಯ್ತು."

"ಹೋಯ್ತು. ಅಮ್ಮನೂ ಹೋದ್ರು. ಅದನ್ನ ನಾನು ಯಾವ ಲೆಕ್ಕದಲ್ಲೂ ಸರಿ ಮಾಡೋಕಾಗಲ್ಲ ಆರ್ವೋ."

ಅವನು ಅವಳ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದ. ಎತ್ತಲಿಲ್ಲ. ಅದು ಇದ್ದ ಎತ್ತರದಲ್ಲೇ ಹಿಡಿದುಕೊಂಡ.

"ನೆಲ ಈಗಷ್ಟೇ ಸಡಿಲ ಆಗಿದೆ," ಎಂದ. ಚಳಿಗಾಲದಲ್ಲಿ ತೀರಿಕೊಂಡವರು ನಮ್ಮಲ್ಲಿ ಮಣ್ಣಿಗಾಗಿ ವಸಂತದವರೆಗೆ ಕಾಯಬೇಕು. "ಈ ಭಾನುವಾರ ಅಮ್ಮನ್ನ ಮಣ್ಣಿಗಿಡ್ತೀವಿ. ಆಮೇಲೆ ಎಲ್ಲರೂ ಇಲ್ಲಿಗೇ ಬರ್ತಾರೆ." ಅವಳ ಕಡೆ ನೋಡಿದ. "ಭಾನುವಾರ ಕಾಫಿಗೆ ಬರ್ತೀಯಾ?"

ಒಮ್ಮೆ ಇಲ್ಲವೆನಿಸಿಕೊಂಡದ್ದನ್ನು ಜೀವನದಲ್ಲಿ ಮೊದಲ ಬಾರಿ ಅವನು ಎರಡನೇ ಸಲ ಕೇಳಿದ್ದ.

"ಬರಲ್ಲ," ಎಂದಳು ಹೆಲ್ವಿ.

ಅವನ ಕೈ ಸಡಿಲವಾಯಿತು.

ಅವಳು ಅದನ್ನು ಬಿಡಲಿಲ್ಲ. "ಬರೋದು ಹೊರಗಿನವರು. ನಾನು ಬೆಳಿಗ್ಗೆಯಿಂದಲೇ ಇರ್ತೀನಿ. ಕಾಫಿ ನಾನೇ ಬಡಿಸ್ತೀನಿ. ಕೊನೇ ಲೋಟ ತೊಳೆದಿಟ್ಟ ಮೇಲೂ ಇರ್ತೀನಿ... ನೀನು ಆ ಪತ್ರಕ್ಕೆ ಸಹಿ ಹಾಕದಿದ್ರೆ."